ಹಂಡೆ ನೀರಿಗೆ ಸೋತ ವಾಚು

ಕಾರ್ತಿಕದ ಬೆಳಗ್ಗೆ ಹೊಳೆನರಸೀಪುರದಲ್ಲಿ ಹೇಮಾವತಿ ಮೇಲೆ ಮಂಜು ಕೂತಿತೆಂದರೆ ಬಿಸಿಲೇರೋ ತನಕ ಏಳೋದಿಲ್ಲ. ಆಚೆ ದಡದ ತೆಂಗಿನ ಮರಗಳು ನಿಜವಾಗಿಯೂ ಇವೆಯೋ, ಯಾರೋ ಹೇಳಿದ್ದನ್ನು ಕೇಳಿ ನಾವೇ ಇವೆ ಅಂದುಕೊಂಡಿದ್ದೋ ಅನ್ನಿಸುತ್ತೆ. ಅಂಥದೇ ಮಂಜು ಒಂದು ವಾಚಿನ ಗಾಜಿನೊಳಗೆ ಕೂತಿದ್ದನ್ನು ನಾನು ನೋಡಿದೀನಿ. ಅರವತ್ತರ ದಶಕದ ಶುರುವಿನ ಮಾತು. ಮದುವೆಯಾದ ಮೊದಲನೇ ದೀಪಾವಳಿ, ನನ್ನ ಗಂಡನ ಮಣಿಕಟ್ಟು. ನೆನೆಸಿಕೊಂಡರೆ ಇವತ್ತಿಗೂ ಅರ್ಧ ಕನಸಿನ ಹಾಗಿರುತ್ತೆ, ಇನ್ನರ್ಧ ಹೊಟ್ಟೆ ಉರಿಯುತ್ತೆ. ನನಗೆ ಕೋಪ ಮೂಗಿನ ತುದೀಲೇ ಅಂತ ನನ್ನನ್ನು ಸಾಕಿದ ಸೋದರತ್ತೆ ಹೇಳೋರು. ಸುಳ್ಳೇನಲ್ಲ.

ಅಪ್ಪ ವಾಚು ರಿಪೇರಿಯವರು. ಬಸ್‌ಸ್ಟ್ಯಾಂಡಿನಿಂದ ಹೊಳೆ ಕಡೆ ಇಳಿಯೋ ಬೀದೀಲಿ ನಮ್ಮ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಅರಕಲಗೂಡು, ಚನ್ನರಾಯಪಟ್ಟಣದಿಂದೆಲ್ಲ ಜನ ಬಸ್ಸಿನವರ ಕೈಲಿ ವಾಚು ಕೊಟ್ಟು ಕಳಿಸೋರು. ಹಾಸನದಲ್ಲೇ ರಿಪೇರಿಯವರು ಇದ್ದರೂ ಹಾಸನದವರು ನಮ್ಮಲ್ಲಿಗೆ ಬರೋರು. ಅಪ್ಪನ ಕೈ ಅಂದರೆ ಅಷ್ಟು ನಂಬಿಕೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಅತ್ತೆ ಅಡಿಗೆ ಮನೇಲಿದ್ದರೆ ನಾನು ಅಪ್ಪನ ಮೇಜಿನ ಪಕ್ಕ. ಬೇರೆ ಹುಡುಗಿಯರು ರಂಗೋಲಿ ಎಳೆ ಕಲಿಯೋ ಹೊತ್ತಿಗೆ ನಾನು ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿಯೋದು ಕಲಿತೆ.

ನನ್ನ ಮದುವೆಗೆ ಒಂದೆರಡು ವರ್ಷ ಮುಂಚೆ ಅಪ್ಪನ ಬಲಗೈ ನಡುಗೋಕೆ ಶುರುವಾಯಿತು. ಊಟಕ್ಕೆ ಕೂತಾಗ ಯಾರ ಕಣ್ಣಿಗೂ ಬೀಳೋ ಅಷ್ಟಲ್ಲ. ಆದರೆ ಚಿಮಟ ಹಿಡಿದರೆ ಸಾಕು, ಅದರ ತುದೀಲಿದ್ದ ಸ್ಪ್ರಿಂಗು ಬದುಕಿರೋ ಹುಳದ ಹಾಗೆ ಕುಣಿಯೋದು. ಅಂಗಡಿಗೂ ನಡುಮನೆಗೂ ನಡುವೆ ಒಂದು ಪರದೆ ಕಟ್ಟಿದೆವು. ಅಪ್ಪ ಮುಂದೆ ಕೋಟು ಹಾಕ್ಕೊಂಡು ಕೂತು ಗಿರಾಕಿ ಹತ್ತಿರ ಮಾತಾಡೋರು. ಒಳಗೆ ಬೆಳಕು ಚೆನ್ನಾಗಿದೆ ಅಂತ ಹೇಳಿ ವಾಚು ಹಿಡಿದು ಪರದೆ ಹಿಂದಕ್ಕೆ ಬರೋರು. ಹಿಂದೆ ಕೂತು ಕಣ್ಣಿಗೆ ಐಗ್ಲಾಸು, ಅಂದರೆ ಪುಟ್ಟ ಭೂತಗನ್ನಡಿ, ಸಿಕ್ಕಿಸಿಕೊಂಡು ಕೆಲಸ ಮಾಡ್ತಿದ್ದವಳು ನಾನು. ಇದು ನಮ್ಮ ಮೂವರಿಗೆ ಬಿಟ್ಟರೆ ಹೊರಗೆ ಒಂದು ನರಪಿಳ್ಳೆಗೂ ಗೊತ್ತಾಗಬಾರದಿತ್ತು. ಕೈ ಹೋದ ರಿಪೇರಿಯವನ ಹತ್ತಿರ ಯಾರು ತಾನೆ ವಾಚು ಬಿಡ್ತಾರೆ? ಅಪ್ಪನಿಗೆ ಗೊತ್ತಿದ್ದ ಬದುಕು ಅದೊಂದೇ.

ನಮ್ಮ ಕಸುಬಲ್ಲಿ ಒಂದು ಪದ್ಧತಿ ಉಂಟು. ವಾಚು ಬಿಚ್ಚಿ ಸರಿಮಾಡಿದವರು ಹಿಂದಿನ ಮುಚ್ಚಳದ ಒಳಮೈಲಿ ಸೂಜಿಮೊನೆಯಿಂದ ತಮ್ಮ ಗುರುತು ಗೀಚಬೇಕು. ಇನ್ನೊಬ್ಬ ರಿಪೇರಿಯವನು ತೆಗೆದರೆ ಮಾತ್ರ ಅದು ಕಾಣೋದು, ವಾಚಿನ ಯಜಮಾನನಿಗೆ ಜೀವಮಾನದಲ್ಲಿ ಕಾಣೋದಿಲ್ಲ. ಅಪ್ಪನ ಗುರುತು ಒಂದು ಅರ್ಧಚಂದ್ರ, ಕೆಳಗೊಂದು ಚುಕ್ಕಿ. ನಾನು ಮಾಡಿದ ಕೆಲಸಕ್ಕೂ ನಾನು ಅದನ್ನೇ ಗೀಚುತ್ತಿದ್ದೆ. ನನಗೇ ಅಂತ ಬೇರೆ ಗುರುತು ಬೇಕು ಅನ್ನಿಸಿಯೇ ಇರಲಿಲ್ಲ.

ಆ ವಾಚು ಬಂದದ್ದು ಕೊರವಂಗಲದ ಕಡೆಯವರೊಬ್ಬರಿಂದ. ಬೊಂಬಾಯಿ ಬಂದರಿನಲ್ಲಿ ಹಡಗಿನ ತಳ ಕೆರೆಯೋದಕ್ಕೆ ಸಮುದ್ರದಲ್ಲಿ ಮುಳುಗೋ ಕೆಲಸ ಮಾಡಿದ್ದವರು, ಅದನ್ನು ಬಿಟ್ಟು ಊರಿಗೆ ವಾಪಸು ಬಂದು ಹೊಲ ನೋಡ್ಕೊಂಡಿದ್ದರು. ಒಂದು ಮಧ್ಯಾಹ್ನ ಬಂದು, ಕೂರದೆ ನಿಂತೇ ಮೇಜಿನ ಮೇಲೆ ವಾಚಿಟ್ಟರು. ಅದು ನಿಂತುಹೋಗಿತ್ತು. ಸರಿಮಾಡಿ ಕೊಡಿ ಅಂತ ಅವರು ಕೇಳಲಿಲ್ಲ. ಇದನ್ನ ಇಟ್ಕೊಂಡು ನನಗೆ ಬೆಳಗ್ಗೆ ಎಬ್ಬಿಸೋ ಗಡಿಯಾರ ಒಂದು ಕೊಡಿ ಅಂದರು. ಯಾಕೆ ಅಂತ ಅಪ್ಪ ಕೇಳಿದರು.

"ಇದರ ಮಕ ನೋಡುದ್ರೆ ಉಸುರು ಕಟ್ತದೆ ಸಾ," ಅಂದರು ಅವರು.

ಆಮೇಲೆ ಅಲ್ಲೇ ಗೋಡೆಗೆ ಒರಗಿ, ಯಾರಿಗೂ ಅಲ್ಲ ಅನ್ನೋ ಹಾಗೆ, ನೀರಿನ ತಳದ ಮಾತು ಹೇಳಿದರು. ಅಲ್ಲಿ ಶಬ್ದ ಅನ್ನೋದೇ ಇಲ್ಲವಂತೆ. ಕೆಸರು ಎದ್ದರೆ ತಮ್ಮ ಕೈ ತಮಗೇ ಕಾಣೋದಿಲ್ಲವಂತೆ. ಈ ವಾಚಿನ ಮುಳ್ಳಿಗೆ ಬಳಿದಿದ್ದ ರೇಡಿಯಂ ಒಂದೇ ಹಸಿರಾಗಿ ಹೊಳೆಯೋದಂತೆ, ಮೇಲೆ ಹೋಗೋ ಹೊತ್ತಾಯಿತು ಅಂತ ಅದೇ ಹೇಳಬೇಕಂತೆ. ಪರದೆ ಹಿಂದೆ ನಾನು ಕೈಲಿದ್ದ ಕೆಲಸ ಬಿಟ್ಟು ಕೇಳಿದೆ. ನಮ್ಮ ಬಾವಿ, ನಮ್ಮ ಹೊಳೆ ಬಿಟ್ಟು ಬೇರೆ ನೀರು ಕಂಡವಳಲ್ಲ ನಾನು. ಅವರು ಅಲಾರಾಂ ಗಡಿಯಾರವನ್ನು ಕಂಕುಳಲ್ಲಿ ಅವುಚಿಕೊಂಡು ಹೋದ ಮೇಲೆ ಆ ವಾಚನ್ನು ಸೆರಗಿನೊಳಗೆ ಹಿಡಿದು ನೋಡಿದೆ. ಕತ್ತಲೆಯಲ್ಲಿ ಹಸಿರು ಚುಕ್ಕಿಗಳು ಒಂದೊಂದಾಗಿ ಎದ್ದವು. ಅತ್ತೆ ಊಟಕ್ಕೆ ಕರೆದದ್ದು ನನಗೆ ಕೇಳಿಸಲೇ ಇಲ್ಲ.

ಅಂಥಾ ವಾಚನ್ನು ನಾವು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹಿಂದಿನ ಮುಚ್ಚಳ ಡಬ್ಬಿ ಮುಚ್ಚಳದ ಹಾಗೆ ತಿರುಪಿ ಕೂರೋದು. ಕೀ ಕೊಡೋ ಗುಂಡಿಯೂ ತಿರುಪಿ ಒಳಗೆ ಕೂರೋದು. ಎರಡು ಕಡೆಯೂ ಒಂದೊಂದು ರಬ್ಬರ್ ಉಂಗುರ, ನೀರು ತಡೆಯೋದಕ್ಕೆ. ಗಾಜಿನ ಸುತ್ತ ಒಂದು ಬಳೆ, ಬೆರಳಲ್ಲಿ ತಿರುಗಿಸಬಹುದು. ಹೊರಟ ಹೊತ್ತಿಗೆ ಅದರ ಗುರುತನ್ನು ಮುಳ್ಳಿನ ಎದುರು ನಿಲ್ಲಿಸಿದರೆ ಎಷ್ಟು ಹೊತ್ತಾಯಿತು ಅಂತ ಅದೇ ತೋರಿಸುತ್ತೆ. ಹಳೇ ಎಣ್ಣೆ ಗಟ್ಟಿಯಾಗಿ ಚಕ್ರಗಳು ಅಂಟಿಕೊಂಡಿದ್ದವು, ಅಷ್ಟೇ. ಪೆಟ್ರೋಲಲ್ಲಿ ತೊಳೆದು ಹೊಸ ಎಣ್ಣೆ ಹಾಕಿ, ಅಪ್ಪನ ಅರ್ಧಚಂದ್ರ ಗೀಚಿ ಮುಚ್ಚಿದೆ. ಹಗ್ಗಕ್ಕೆ ಕಟ್ಟಿ ನಮ್ಮ ಬಾವಿಗೆ ಇಳಿಬಿಟ್ಟು ಒಂದಿಡೀ ಮಧ್ಯಾಹ್ನ ಬಾವಿಕಟ್ಟೆ ಮೇಲೆ ಕೂತಿದ್ದೆ. ಹಗ್ಗ ಹಿಡಿದ ಬೆರಳಿಗೆ ಆ ಟಿಕ್ ಟಿಕ್ ಹತ್ತಿ ಬರ್ತಿದೆ ಅಂತ ನನಗೆ ಅನ್ನಿಸ್ತಿತ್ತು. ಹಾಗೆಲ್ಲ ಬರೋದಿಲ್ಲ, ಅದು ನನ್ನ ನಾಡಿಯೇ ಇದ್ದೀತು. ಮೇಲೆತ್ತಿದಾಗ ಗಾಜು ಕನ್ನಡಿಯಷ್ಟು ತಿಳಿಯಾಗಿತ್ತು, ವಾಚು ನಡೀತಿತ್ತು.

ನನ್ನ ಮದುವೆಯಲ್ಲಿ ಅಪ್ಪ ಅದನ್ನೇ ಅಳಿಯನ ಕೈಗೆ ಕಟ್ಟಿದರು. ಅಳಿಯ ಅರಕಲಗೂಡಿನವರು, ಬಸ್ ಕಂಡಕ್ಟರು. ಅರಕಲಗೂಡಿಂದ ಹೊಳೆನರಸೀಪುರ, ಅಲ್ಲಿಂದ ಹಾಸನ, ಕೆಲವು ದಿನ ಚನ್ನರಾಯಪಟ್ಟಣ. ನೋಡೋಕೆ ಲಕ್ಷಣವಾಗಿದ್ದರು, ಗಂಟಲು ಮಾತ್ರ ಊರಿಗೇ ಕೇಳೋ ಗಂಟಲು. ವಾಚು ಕಟ್ಟಿದ ಅಪ್ಪ ಚಪ್ಪರದಲ್ಲಿ ಎಲ್ಲರಿಗೂ ಕೇಳೋ ಹಾಗೆ, ಇದು ಹೊಳೆಗೆ ಬಿದ್ದರೂ ನಿಲ್ಲೋದಿಲ್ಲ, ನನ್ನ ಕೈಯಾಣೆ ಅಂದುಬಿಟ್ಟರು. ಆಣೆ ಇಡೋದಕ್ಕೆ ಬೇರೇನೂ ಸಿಗಲಿಲ್ಲವಾ ಈ ಮನುಷ್ಯನಿಗೆ ಅಂತ ತಲೆ ತಗ್ಗಿಸಿ ಕೂತಿದ್ದೆ. ಮದುವೆ ಹೆಣ್ಣು ನಾಚಿಕೊಂಡಿದೆ ಅಂದುಕೊಂಡಿತು ಜನ.

ಗಂಡನ ಮೇಲೆ ನನಗೆ ಪ್ರೀತಿ ಇತ್ತು, ಹೇಳೋಕೇನು. ಆ ವಾಚಿನ ಮೇಲೆ ಅವರಿಗೆ ಇನ್ನೂ ಹೆಚ್ಚು ಪ್ರೀತಿ ಇತ್ತು. ಬಸ್ಸು ಹೊರಟ ಕೂಡಲೇ ಬಳೆ ತಿರುಗಿಸಿ ಗುರುತು ನಿಲ್ಲಿಸೋರು, ಹಾಸನ ಮುಟ್ಟಿದ ಮೇಲೆ ಡ್ರೈವರಿಗೆ ತೋರಿಸಿ ಇವತ್ತು ಬೇಗ ಬಂದೆ, ಇವತ್ತು ತಡ ಅಂತ ರೇಗಿಸೋರು. ಬೆಳಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಮೇಲೆ ಅಂಗೈಲಿ ಉಳಿದದ್ದನ್ನು ವಾಚಿಗೆ ಒರೆಸೋರು. ಸ್ಟೀಲು ಮಿಂಚಲಿ, ಬಳೆ ನಯವಾಗಿ ತಿರುಗಲಿ ಅಂತ. ನಮ್ಮ ಸೀಮೇಲಿ ಎಣ್ಣೆ ಹಚ್ಚಿದರೆ ಕೆಡೋ ವಸ್ತು ಅನ್ನೋದುಂಟಾ? ಬಾಗಿಲ ತಿರುಗಣಿಗೆ ಕೊಬ್ಬರಿ ಎಣ್ಣೆ, ಮಗುವಿನ ನೆತ್ತಿಗೆ ಕೊಬ್ಬರಿ ಎಣ್ಣೆ, ಎತ್ತಿನ ಕೊಂಬಿಗೂ ಅದೇ. ಅವರು ಹಾಗೆ ಒರೆಸುವಾಗ ನಾನೂ ಪಕ್ಕದಲ್ಲಿ ನಿಂತು ಚೆನ್ನಾಗಿ ಹೊಳೀತಿದೆ ಅಂತಲೇ ನೋಡಿದೆ.

ಅರಕಲಗೂಡಿನ ಮನೇಲಿ ನನಗೆ ವಾಚಿನ ಕೆಲಸ ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇತ್ತ ಹೊಳೆನರಸೀಪುರದಲ್ಲಿ ಅಪ್ಪ ಗಾಜು ಬದಲಾಯಿಸೋದು, ಪಟ್ಟಿ ಹಾಕೋದು ಮಾಡ್ಕೊಂಡು, ಸೂಕ್ಷ್ಮದ್ದು ಬಂದರೆ ಪಾರ್ಟ್ಸು ಬರಬೇಕು, ಹಬ್ಬ ಕಳೀಲಿ ಅನ್ನೋರು. ಆ ವಾಚುಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬೀಲಿ ಮಲಗಿರ್ತಿದ್ದವು. ನಾನು ಹಬ್ಬಕ್ಕೆ ತವರಿಗೆ ಹೋದರೆ ಒಂದೊಂದನ್ನೇ ಎಬ್ಬಿಸಬೇಕು. ಗೌರಿ ಹಬ್ಬಕ್ಕೆ ಹೋದಾಗ ಎಲ್ಲಾ ಎದ್ದು ಒಟ್ಟಿಗೆ ನಡೆಯೋಕೆ ಶುರುಮಾಡಿದವು. ನಡುಮನೆಯೆಲ್ಲ ಸಣ್ಣ ಮಳೆ ಬಿದ್ದ ಸದ್ದು. ಆ ಸದ್ದು ಕೇಳ್ತಾ ಚಾಪೆ ಮೇಲೆ ಮಧ್ಯಾಹ್ನದ ನಿದ್ದೆ ಮಾಡಿದೆನಲ್ಲ, ಅಷ್ಟು ಸುಖದ ನಿದ್ದೆ ನಾನು ಮತ್ತೆ ಮಾಡಿಲ್ಲ.

ದೀಪಾವಳಿಗೆ ಹೊಸ ಅಳಿಯನನ್ನು ಕರೆದು ಎಣ್ಣೆನೀರು ಹಾಕಬೇಕು, ಬಿಡೋ ಹಾಗಿಲ್ಲ. ನರಕ ಚತುರ್ದಶಿ ಬೆಳಗ್ಗೆ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ತೆಂಗಿನ ಗರಿ ಒಟ್ಟಿ ಉರಿ ಹಾಕಿದ್ದರು ಅತ್ತೆ. ನೀರು ಮುಟ್ಟಿದರೆ ಬೊಬ್ಬೆ ಬರಬೇಕು, ಹಾಗೆ ಕಾದಿತ್ತು. ಅಳಿಯ ಮಣೆ ಮೇಲೆ ಕೂತರು, ವಾಚು ಬಿಚ್ಚಲಿಲ್ಲ. ನೀರಲ್ಲಿ ನಡೆಯೋ ವಾಚನ್ನು ನೀರಿಗೆ ಅಂಜಿ ಬಿಚ್ಚಿಡೋದಾ, ಮಾವ ಕೈಯಾಣೆ ಇಟ್ಟು ಕೊಟ್ಟದ್ದು ಅಂದರು. ಪಕ್ಕದ ಮನೆಯವರು ಬೇರೆ ನೋಡೋಕೆ ನಿಂತಿದ್ದರು. ಅತ್ತೆ ಬಿಡ್ತಾರಾ, ಅಳಿಯಂದಿರ ವಾಚಿಗೂ ಎಣ್ಣೆ ಒತ್ತಬೇಕಾ ಅಂತ ತಮಾಷೆ ಮಾಡ್ತಾ, ಬಿಸಿ ಕೊಬ್ಬರಿ ಎಣ್ಣೇನ ಕೈಗೂ ವಾಚಿಗೂ ಸೇರಿಸಿ ತಿಕ್ಕಿದರು. ಸೀಗೇಪುಡಿ ಹಾಕಿದರು. ಚೊಂಬು ಚೊಂಬಾಗಿ ಹಂಡೆ ನೀರು ಸುರಿದರು. ಮೈಯೆಲ್ಲ ಕೆಂಪಾಗಿ ಹಬೆಯಾಡ್ತಿದ್ದ ಅಳಿಯ ಎದ್ದು, ನಾನೇನು ಮುದುಕನಾ ಅಂತ ಹೇಳಿ, ಬಾವೀಲಿ ತಣ್ಣೀರು ಸೇದಿ ತಲೆ ಮೇಲೆ ಸುರಿದುಕೊಂಡರು. ಚಳಿ ನೋಡಿದರೆ ಹಲ್ಲು ಕಟಕಟ ಅನ್ನಿಸೋ ಚಳಿ.

ಎಲೆ ಮುಂದೆ ಕೂತಾಗ ನಾನು ಬಡಿಸ್ತಿದ್ದೆ. ಹೊತ್ತೆಷ್ಟು ಅಂತ ಅವರು ಕೈ ತಿರುಗಿಸಿದರು. ಗಾಜಿನೊಳಗೆ ಬೆಳ್ಳಗೆ ಮಂಜು ಕೂತಿತ್ತು. ಮುಳ್ಳುಗಳು ಅದರ ಹಿಂದೆ ಎಲ್ಲೋ ದೂರದಲ್ಲಿದ್ದವು. ನಾವು ನೋಡ್ತಿದ್ದ ಹಾಗೇ ಸೆಕೆಂಡಿನ ಮುಳ್ಳು ಎರಡು ಸಲ ಎಳೆದಾಡಿ ನಿಂತಿತು.

ಅವರು ಕೂಗಾಡಿದ್ದರೆ ವಾಸಿ ಇತ್ತು. ಕೂಗಾಡಲಿಲ್ಲ. ವಾಚು ಬಿಚ್ಚಿ ಎಲೆ ಪಕ್ಕ ಇಟ್ಟು, "ಮಾವನ ಕೈ ಓಗ್ಯದೆ ಅಂತ ಹಾಸನದ ಸ್ಟ್ಯಾಂಡಲ್ಲಿ ಯಾರೋ ಅಂದ್ರು. ನಾನು ಅವರ ಮೇಲೆ ಜಗಳಕ್ಕೆ ಓಗಿದ್ದೆ," ಅಂದರು.

ಅಪ್ಪ ಎಲೆ ನೋಡ್ತಾ ಕೂತರು. ಬಲಗೈಯನ್ನು ಪಂಚೆ ಮಡಿಕೆಯೊಳಗೆ ಸರಿಸಿಕೊಂಡದ್ದು ನನಗೊಬ್ಬಳಿಗೆ ಕಾಣಿಸಿತು. ಒಬ್ಬಟ್ಟು ಎಲೇಲೇ ಉಳಿಯಿತು. ಮುಂದಿನ ವಾರ ಬರ್ತೀನಿ, ವಾಚು ಸರಿಯಾಗಿದ್ದರೆ ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ, ಅಲ್ಲೀ ತನಕ ಇವಳು ಇಲ್ಲೇ ಇರಲಿ ಅಂತ ಹೇಳಿ ಹೊರಟುಬಿಟ್ಟರು. ವಾಚನ್ನೂ ನನ್ನನ್ನೂ ಒಂದೇ ಉಸಿರಲ್ಲಿ ಲೆಕ್ಕಕ್ಕೆ ಹಿಡಿದರಲ್ಲ, ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಭಯ ಇದ್ದದ್ದು ಅದಕ್ಕಲ್ಲ. ಕಂಡಕ್ಟರ ಬಾಯಿ ಅದು. ಬಸ್ಸಲ್ಲಿ ಒಂದು ಸಲ ಆಡಿದರೆ ಸಾಯಂಕಾಲದೊಳಗೆ ನಾಲ್ಕೂ ಊರಿಗೆ ಮುಟ್ಟುತ್ತೆ, ಅಪ್ಪನ ಅಂಗಡಿ ಬಾಗಿಲು ಮುಚ್ಚುತ್ತೆ.

ಪರದೆ ಹಿಂದೆ ಕೂತು ಮುಚ್ಚಳ ತಿರುಪಿದೆ. ಕೊಬ್ಬರಿ ಎಣ್ಣೆ ವಾಸನೆ ಗಪ್ಪನೆ ಬಡಿಯಿತು. ಮುಚ್ಚಳದ ತಿರುಪಿನ ಸಂದೀಲೆಲ್ಲ ಸೀಗೇಪುಡಿ. ರಬ್ಬರ್ ಉಂಗುರ ಮುಟ್ಟಿದರೆ ಬೆಂದ ಶಾವಿಗೆಯ ಹಾಗೆ ಊದಿಕೊಂಡು ಕೈಗೆ ಬಂತು. ಆಗ ಅರ್ಥವಾಯಿತು. ಎಣ್ಣೆ ದಿನಾ ಒಂದಿಷ್ಟು ಇಳಿದು ರಬ್ಬರನ್ನು ತಿಂದಿದೆ. ಮಿಕ್ಕದ್ದು ಹಂಡೆ ನೀರು ಮಾಡಿದೆ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಸಡಿಲ ಉಂಗುರ ದಾಟಿ ಹೊರಗೆ ಹೋಗಿದೆ, ತಣ್ಣೀರು ಬಿದ್ದಾಗ ಕುಗ್ಗಿ, ಹೊರಗಿದ್ದ ನೀರನ್ನು ಒಳಕ್ಕೆ ಎಳಕೊಂಡಿದೆ. ಸಮುದ್ರದ ತಳ ಕಂಡು ಬಂದ ವಾಚು ನಮ್ಮ ಬಚ್ಚಲ ಮನೇಲಿ ಸೋತಿತ್ತು. ನಾನು ಹೇಳಿದ್ದನ್ನು ಕೇಳಿ ಅಪ್ಪ, ಎಣ್ಣೆ ಹಚ್ಚಬೇಡಿ ಅಂತ ಹೇಳೋಕೆ ನನಗೇ ಗೊತ್ತಿರಲಿಲ್ಲವಲ್ಲವ್ವ ಅಂದರು.

ಆ ವಾರ ಹೇಗೆ ಹೋಯಿತೋ. ಹೊರಗೆ ಬೆಳಗ್ಗೆಯೆಲ್ಲ ಮಂಜು, ಒಳಗೆ ಬಲ್ಬಿನ ಕೆಳಗೆ ಒಣಗ್ತಿದ್ದ ಚಕ್ರಗಳು. ಐಗ್ಲಾಸಿನಲ್ಲಿ ನೋಡ್ತಾ ನೋಡ್ತಾ ಹಲ್ಲುಚಕ್ರ ಗಾಡಿ ಚಕ್ರದಷ್ಟು ದೊಡ್ಡದಾಗಿ, ನಾನೇ ಅದರ ನಡುವೆ ಓಡಾಡ್ತಿದ್ದೀನಿ ಅನ್ನಿಸೋದು. ಅಪ್ಪ ಹಾಸನಕ್ಕೆ ಹೋಗಿ ರಬ್ಬರ್ ಉಂಗುರ ಹುಡುಕಿ ಬರಿಗೈಲಿ ಬಂದರು. ಅಂಥ ವಾಚೇ ಇಲ್ಲದ ಊರಲ್ಲಿ ಉಂಗುರ ಎಲ್ಲಿಂದ ಬರಬೇಕು? ಕೊನೆಗೆ ಸೈಕಲ್ ಟ್ಯೂಬಿಗೆ ಕೈವಾರ ಒತ್ತಿ ತಿರುಗಿಸಿ ಮುಚ್ಚಳದ ಉಂಗುರ ಕೊಯ್ದೆ. ಕೆಲವು ಹರಿದವು, ಕೆಲವು ದಪ್ಪವಾದವು, ಸಿಟ್ಟಲ್ಲಿ ಕೈವಾರ ಎಸೆದೆ, ಮತ್ತೆ ಹೋಗಿ ಎತ್ತಿಕೊಂಡೆ. ಗುಂಡಿಗೆ, ಸೈಕಲ್ಲಿಗೆ ಗಾಳಿ ಹಾಕೋ ಕಡೆ ಇರೋ ಸಣ್ಣ ವಾಲ್ ಟ್ಯೂಬನ್ನು ತೆಳ್ಳಗೆ ಕೊಯ್ದು ಸಿಕ್ಕಿಸಿದೆ. ಎಣ್ಣೆ ಬದಲು ಜೇನುಮೇಣ ಸವರಿದೆ. ಮುಚ್ಚಳದಲ್ಲಿ ನಾನೇ ಗೀಚಿದ್ದ ಅರ್ಧಚಂದ್ರ ನನ್ನನ್ನೇ ನೋಡ್ತಿತ್ತು. ಯಾಕೋ ಆ ಸಲ ಹೊಸ ಗುರುತು ಗೀಚೋಕೆ ಮನಸ್ಸು ಬರಲಿಲ್ಲ, ಹಾಗೇ ಮುಚ್ಚಿದೆ.

ಅವರು ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಒಬ್ಬರೇ ಬರಲಿಲ್ಲ, ಡ್ರೈವರೂ ಬಂದರು, ಹಾಸನಕ್ಕೆ ಹೋಗೋ ಒಂದಿಬ್ಬರು ಪ್ರಯಾಣಿಕರೂ ಕುತೂಹಲಕ್ಕೆ ಹಿಂದೆ ಬಂದರು. ಅಪ್ಪ ಕೋಟು ಹಾಕಿ ಕೂತಿದ್ದರು. ನಾನು ಒಂದು ಪಾತ್ರೇಲಿ ಬಿಸಿನೀರು ತಂದಿಟ್ಟೆ. ಅಪ್ಪ ವಾಚನ್ನು ಅದರೊಳಗೆ ಬಿಟ್ಟು, ಎಲ್ಲಾದರೂ ಸಂದಿದ್ದರೆ ಗಾಳಿ ಗುಳ್ಳೆಯಾಗಿ ಏಳುತ್ತೆ ನೋಡಿ ಅಂದರು. ಎಲ್ಲರೂ ಬಗ್ಗಿದರು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಬಿಸಿ ವಾಚನ್ನು ತೆಗೆದು ಒರೆಸಿ, ಗಾಜಿನ ಮೇಲೆ ಬಾವಿಯ ತಣ್ಣೀರು ಒಂದು ಹನಿ ಇಟ್ಟರು. ಒಳಗೆ ಚೂರು ತೇವ ಇದ್ದರೂ ಆ ಹನಿಯ ಕೆಳಗೆ ಮಂಜು ಕಟ್ಟಬೇಕು. ಹನಿಯ ಕೆಳಗೆ ಮುಳ್ಳು ಸ್ವಲ್ಪ ದೊಡ್ಡದಾಗಿ, ತಿಳಿಯಾಗಿ ಕಾಣ್ತಿತ್ತು.

ನನ್ನ ಗಂಡನ ಮುಖ ಅರಳಿತು. ಮಾವನ ಕೈ ಎಲ್ಲೂ ಹೋಗಿಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದರು. ಎಲ್ಲಾ ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಬಂದಿದ್ದವರಲ್ಲಿ ಒಬ್ಬರು ತಮ್ಮ ಕೈಗಡಿಯಾರ ಬಿಚ್ಚಿ ಅಪ್ಪನ ಮುಂದೆ ಹಿಡಿದರು. ಮುಳ್ಳು ಸಡಿಲಾಗಿದೆ ಸಾ, ಬಸ್ಸು ಹೊರಡೋದರೊಳಗೆ ನಿಮ್ಮ ಕೈಲಿ ಒಂಚೂರು ಒತ್ತಿಬಿಡಿ ಅಂದರು. ಒಳಗೆ ಬೆಳಕು ಚೆನ್ನಾಗಿದೆ ಅನ್ನೋ ಮಾತು ಅಪ್ಪನ ಬಾಯಿಗೆ ಬರುತ್ತೆ ಅಂತ ಕಾದೆ. ಪರದೆ ಕೈಯಳತೆಯಲ್ಲೇ ಇತ್ತು. ಅಪ್ಪ ಪರದೆ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಬಲಗೈಯನ್ನು ಮೇಜಿನ ಮೇಲೆ ಎಲ್ಲರ ಕಣ್ಣೆದುರು ಇಟ್ಟರು. ಅದು ನಡುಗ್ತಿತ್ತು. ಆ ವಾಚನ್ನು ತಗೊಂಡು ನನ್ನ ಅಂಗೈಲಿ ಇಟ್ಟರು.

"ನನ್ನ ಕೈ ಓಗಿ ಕಾಲ ಆಯ್ತು ಕಣಪ್ಪ," ಅಂದರು ಅಳಿಯನಿಗೆ. "ನೀನು ಇಷ್ಟೊತ್ತು ಒಗಳಿದ್ದು ಇವಳ ಕೈಯ."

ನಾನು ಐಗ್ಲಾಸು ಸಿಕ್ಕಿಸಿಕೊಂಡು, ಮೊದಲ ಸಲ ಪರದೆಯ ಈಚೆ, ಅಪ್ಪನ ಮೇಜಿಗೆ ಕೂತು ಆ ಮುಳ್ಳು ಒತ್ತಿಕೊಟ್ಟೆ. ತಲೆ ಎತ್ತಿ ನೋಡಿದರೆ ನನ್ನ ಗಂಡ ಅಪ್ಪನ ಕೈಯನ್ನೇ ನೋಡ್ತಿದ್ದರು. ಆ ಗಂಟಲಿಗೆ ಅವತ್ತು ಏನಾಗಿತ್ತೋ, ಮಾತು ಮೆಲ್ಲಗೆ ಬಂತು. ರಿಪೇರಿ ಮಾಡಿದೋರು ಒಳಗೆ ಗುರುತು ಹಾಕ್ತಾರೆ ಅಂತ ಮಾವ ಹೇಳಿದ್ರಲ್ಲ, ಇವಳು ಹಾಕಿದಾಳಾ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ಹಾಕು ಅಂದು ತಮ್ಮ ವಾಚನ್ನು ಮತ್ತೆ ಮೇಜಿನ ಮೇಲೆ ಇಟ್ಟರು. ಅಷ್ಟು ಕಷ್ಟಪಟ್ಟು ಮೇಣ ಸವರಿ ಮುಚ್ಚಿದ್ದನ್ನು ಮತ್ತೆ ಬಿಚ್ಚಬೇಕಾ ಅಂತ ಒಂದು ಕ್ಷಣ ನನಗೆ ರೇಗಿತು, ನಿಜ ಹೇಳ್ತೀನಿ. ಬಿಚ್ಚಿದೆ. ಅರ್ಧಚಂದ್ರದ ಪಕ್ಕ, ಏನು ಗುರುತು ಅಂತ ಹೊಳೆಯದೆ, ಒಂದು ನೀರಿನ ಹನಿ ಗೀಚಿದೆ.

ಮುಚ್ಚೋ ಹೊತ್ತಿಗೆ ಅಪ್ಪ ಸೂಜಿ ಕೇಳಿದರು. ಮುಚ್ಚಳವನ್ನು ಎಡಗೈಲಿ ಮೇಜಿಗೆ ಅದುಮಿ, ಬಲಗೈಗೆ ಬಂದ ಹಾಗೆ ಗೀಚಿದರು. ಬಸ್ಸಲ್ಲಿ ಕಾದು ಸಾಕಾದವರು ಯಾರೋ ಹಾರನ್ನು ಎರಡು ಸಲ ಕೂಗಿಸಿದರು, ಯಾರೂ ಕದಲಲಿಲ್ಲ.

ಆಮೇಲೆ ಅಪ್ಪ, ಸೋದರತ್ತೆ ಇಬ್ಬರೂ ಅರಕಲಗೂಡಿಗೆ ನಮ್ಮ ಮನೆಗೇ ಬಂದರು, ಮೇಜು ಬಸ್ಸಿನ ಟಾಪಿನ ಮೇಲೆ ಬಂತು. ಹೆಂಗಸಿನ ಕೈಗೆ ವಾಚು ಕೊಡೋಕೆ ಜನ ಕೆಲವು ಕಾಲ ಹಿಂದೆಮುಂದೆ ನೋಡಿದರು, ಆಮೇಲೆ ಕೊಟ್ಟರು. ನನ್ನ ಗಂಡ ಎಣ್ಣೆನೀರಿನ ದಿನ ವಾಚು ಬಿಚ್ಚಿ ಮೊಳೆಗೆ ತೂಗುಹಾಕಿಯೇ ಬಚ್ಚಲಿಗೆ ಹೋಗೋರು. ಈಗ ಅವರೂ ಇಲ್ಲ, ಅಪ್ಪನೂ ಇಲ್ಲ. ವಾಚು ನನ್ನ ಹತ್ತಿರ ಇದೆ, ನಡೀತಿದೆ. ಆಗಾಗ ಉಂಗುರ ಬದಲಾಯಿಸೋಕೆ ಮುಚ್ಚಳ ತೆಗೆದಾಗ ಕಿಟಕಿ ಬೆಳಕಿಗೆ ಹಿಡಿದು ನೋಡ್ತೀನಿ. ನೆಟ್ಟಗೆ, ನುಣ್ಣಗೆ ಇರೋ ಆ ಅರ್ಧಚಂದ್ರವನ್ನು ಯಾರು ನೋಡಿದರೂ ಅಪ್ಪನದೇ ಅಂತಾರೆ. ಅದು ನಾನು ಗೀಚಿದ್ದು. ಹನಿಯ ಕೆಳಗೆ ಒಂದು ಸೊಟ್ಟ ಗೆರೆ ಇದೆ, ನಡುಗಿ ನಡುಗಿ ಬಾಗಿ, ಚುಕ್ಕಿ ಎಲ್ಲೋ ಪಕ್ಕಕ್ಕೆ ಬಿದ್ದಿದೆ. ಅಪ್ಪನ ಗುರುತು ಅದು.